ನಿಂತ ಮಿಲಿಟರಿ ಲಾರಿ: ಸೆಲ್ಫ್ ಹೊಡೆಯುವ ಮುನ್ನ ಲೆಕ್ಕಾಚಾರ

ಸೇನೆಯು ಸೇವೆಯಿಂದ ಕೈಬಿಟ್ಟ ಡೀಸೆಲ್ ಲಾರಿಗಳು ಎಂ.ಎಸ್.ಟಿ.ಸಿ. ಸಂಸ್ಥೆಯ ವಿದ್ಯುನ್ಮಾನ ಹರಾಜಿನ ಮೂಲಕ ಖಾಸಗಿಯವರ ಕೈ ಸೇರುವುದು ಉದ್ದಿಮೆದಾರರಿಗೆ ಹೊಸ ಸಂಗತಿಯೇನಲ್ಲ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಡಿ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್, ಅದರ ಸ್ಥಾನಕ್ಕೆ ಬಂದ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್, ಟಾಟಾ ಕಂಪನಿಯ ಎಲ್.ಪಿ.ಟಿ.ಎ. ಇವುಗಳ ಗಟ್ಟಿ ಚಾಸಿ ಹಾಗೂ ಎಲ್ಲ ಚಕ್ರಗಳಿಗೂ ದೊರೆಯುವ ಚಾಲನೆ, ಕ್ರೇನ್ ಕೂರಿಸುವವರನ್ನೂ ಕೆಸರು ದಾರಿಯಲ್ಲಿ ಸರಕು ಸಾಗಿಸುವವರನ್ನೂ ಸೆಳೆಯುವುದು ಸಹಜ. ಆದರೆ ಹರಾಜಿಗೆ ಬರುವ ಅನೇಕ ಲಾರಿಗಳು ಓಡುವ ಸ್ಥಿತಿಯಲ್ಲಿರುವುದಿಲ್ಲ. ‘ಇದ್ದಲ್ಲಿಯೇ, ಇದ್ದಂತೆಯೇ’ ಎಂಬ ಷರತ್ತಿನಡಿ ಮಾರಾಟವಾಗುವುದರಿಂದ ಆ ಬಳಿಕ ಕಾಣುವ ಪ್ರತಿಯೊಂದು ದೋಷವೂ ಕೊಂಡವರ ಪಾಲಿಗೇ ಸೇರುತ್ತದೆ.

ಇಂತಹ ವ್ಯವಹಾರದಲ್ಲಿ ನಷ್ಟ ತಪ್ಪಿಸಲು ಒಂದೇ ಸೂತ್ರ ಸಾಕು. ಬೆಲೆ ಕಟ್ಟುವಾಗ ಎಂಜಿನ್ ಸತ್ತಿದೆಯೆಂದು ಭಾವಿಸಬೇಕು. ಚಾಲನೆ ಮಾಡುವಾಗ ಅದು ಬದುಕಿದೆಯೆಂದು ಜೋಪಾನ ಮಾಡಬೇಕು. ಬಹುತೇಕ ಖರೀದಿದಾರರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಾರೆ. ಓಡುವ ಲಾರಿಯ ಆಸೆಯಿಂದ ಬೆಲೆ ಏರಿಸುತ್ತಾರೆ. ಲಾರಿ ಅಂಗಳಕ್ಕೆ ಬಂದೊಡನೆ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುತ್ತಾರೆ.

ಮೊದಲು ಕಾಗದಪತ್ರ

ಸೇನೆಯ ಲಾರಿಯು ನಾಗರಿಕ ಬಳಕೆಗೆ ಬರಬೇಕಾದರೆ ಹೊಸದಾಗಿ ನೋಂದಣಿಯಾಗಬೇಕು. ಅದಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಂಬಂಧಪಟ್ಟ ಅಧಿಕಾರಿಗಳು ನಮೂನೆ 21ರಲ್ಲಿ ನೀಡಿದ ಮೂಲ ಮಾರಾಟ ಪ್ರಮಾಣಪತ್ರ ಅಗತ್ಯ. ಇದರ ಜೊತೆಗೆ 2023ರ ಏಪ್ರಿಲ್ 1ರಿಂದ ಸರ್ಕಾರಿ ಸಂಸ್ಥೆಗಳ 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣ ನಿಂತಿದ್ದು, ಅವು ನೋಂದಾಯಿತ ಗುಜರಿ ಕೇಂದ್ರಗಳಿಗೆ ಹೋಗಬೇಕಾಗಿದೆ. ರಕ್ಷಣಾ ಕಾರ್ಯಾಚರಣೆಯ ವಿಶೇಷ ವಾಹನಗಳಿಗೆ ಇದರಿಂದ ವಿನಾಯಿತಿ ಇದೆ. ಆದ್ದರಿಂದ ಲಾರಿಯನ್ನು ಬಳಕೆಗೆ ಮಾರಲಾಗುತ್ತಿದೆಯೇ ಅಥವಾ ಗುಜರಿಯೆಂದು ಮಾರಲಾಗುತ್ತಿದೆಯೇ ಎಂಬುದನ್ನು ಷರತ್ತುಗಳಲ್ಲಿ ಓದಿ ತಿಳಿಯದೆ ಹಣ ಹೂಡುವುದು ವಿವೇಕವಲ್ಲ. ನೋಂದಣಿಯಾಗದ ಲಾರಿಯ ಎಂಜಿನ್ ಎಷ್ಟೇ ಸೊಗಸಾಗಿ ಓಡಿದರೂ ಅದು ರಸ್ತೆಗೆ ಇಳಿಯುವಂತಿಲ್ಲ.

ಅನಂತರ ಎಂಜಿನ್

ವರ್ಷಗಟ್ಟಲೆ ಬಯಲಿನಲ್ಲಿ ನಿಂತ ಲಾರಿಯ ಸೈಲೆನ್ಸರ್ ಕೊಳವೆಯಿಂದ ಮಳೆನೀರು ಸಿಲಿಂಡರಿಗೆ ಇಳಿದಿರಬಹುದು. ಗಾಳಿಯಂತೆ ನೀರು ಅದುಮಿಕೊಳ್ಳುವುದಿಲ್ಲ. ಆ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಅಥವಾ ಇನ್ನೊಂದು ಲಾರಿಗೆ ಕಟ್ಟಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದುದರಿಂದ ನಾಜಲ್‌ಗಳನ್ನು ಕಳಚಿ, ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲಕಾಲ ನೆನೆಯಗೊಟ್ಟು, ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ ನೋಡುವುದು ಕ್ರಮ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೂ, ತೆಳುವಾಗಿ ಡೀಸೆಲ್ ವಾಸನೆ ಬಂದರೆ ಇಂಧನ ಸೋರಿದೆಯೆಂದೂ ತಿಳಿಯಬೇಕು.

ಟ್ಯಾಂಕಿನ ಹಳೆಯ ಡೀಸೆಲನ್ನು ಪೂರ್ತಿ ಖಾಲಿ ಮಾಡುವುದು ಮುಂದಿನ ಹಂತ. ತಳದಲ್ಲಿ ನಿಂತ ನೀರಿಗೂ ಡೀಸೆಲಿಗೂ ನಡುವೆ ಸೂಕ್ಷ್ಮಜೀವಿಗಳು ಬೆಳೆದು ಉಂಟಾಗುವ ಲೋಳೆಯು ಫಿಲ್ಟರುಗಳನ್ನು ಕಟ್ಟಿಹಾಕುತ್ತದೆ. ಹೊಸ ಫಿಲ್ಟರ್ ಹಾಕಿ, ಕೈಪಂಪಿನಿಂದ ಡೀಸೆಲ್ ಒತ್ತಿ, ಫಿಲ್ಟರ್, ಪಂಪ್, ನಾಜಲ್ ಪೈಪು ಎಂಬ ಅನುಕ್ರಮದಲ್ಲಿ ಏರ್ ತೆಗೆಯಬೇಕು.

ಹೆಚ್ಚಿನವರು ಅರಿಯದ ಅಪಾಯವೊಂದು ಇಲ್ಲಿದೆ. ಬಹುಕಾಲ ನಿಂತ ಡೀಸೆಲ್ ಪಂಪಿನೊಳಗಿನ ನಿಯಂತ್ರಣ ಸರಳು ಪೂರ್ಣ ಇಂಧನದ ಸ್ಥಾನದಲ್ಲಿ ಅಂಟಿಕೊಂಡಿರಬಹುದು. ಹಾಗಾದರೆ ಎಂಜಿನ್ ಚಾಲೂ ಆದ ಕ್ಷಣದಿಂದಲೇ ವೇಗ ಏರುತ್ತಾ ಹೋಗಿ, ಸ್ವಿಚ್ಚಿಗೂ ಬಗ್ಗದೆ ಸಿಡಿದುಹೋಗುವ ಸಂಭವವಿದೆ. ಸ್ಟಾಪ್ ಲಿವರ್ ಸಲೀಸಾಗಿ ಚಲಿಸುವುದೆಂದು ಖಚಿತವಾದ ಮೇಲೆಯೇ ಮುಂದುವರಿಯಬೇಕು. ಆಗಲೂ ಗಾಳಿ ಒಳಹೋಗುವ ಬಾಯಿಯನ್ನು ಮುಚ್ಚಲು ಒಂದು ಗಟ್ಟಿ ಹಲಗೆ ಸಿದ್ಧವಾಗಿರಬೇಕು. ಕೈಯಿಂದ ಮುಚ್ಚುವ ಸಾಹಸ ಸಲ್ಲದು. ಈಥರ್ ಸಿಂಪಡಿಸಿ ಚಾಲೂ ಮಾಡುವ ರೂಢಿಯೂ ಎಂಜಿನ್ನಿಗೆ ಘಾತಕ.

ಇಂತಹ ಲಾರಿಗಳ ವಿದ್ಯುತ್ ವ್ಯವಸ್ಥೆ ಸಾಮಾನ್ಯವಾಗಿ 24 ವೋಲ್ಟಿನದು. 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಬೇಕಾಗುತ್ತದೆ. ಸೆಲ್ಫನ್ನು ಒಮ್ಮೆಗೆ 15 ಸೆಕೆಂಡುಗಳಿಗಿಂತ ಹೆಚ್ಚು ಹೊತ್ತು ಒತ್ತದೆ, ನಡುವೆ ಒಂದೆರಡು ನಿಮಿಷ ತಣಿಯಲು ಬಿಡುವುದು ಲೇಸು. ಎಂಜಿನ್ ಚಾಲೂ ಆದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ಒತ್ತಡ ಕಾಣದಿದ್ದರೆ ತಕ್ಷಣ ನಿಲ್ಲಿಸಬೇಕು. ಎಂಜಿನ್ ಗುಡುಗಿದ ಮಾತ್ರಕ್ಕೆ ಲಾರಿ ರಸ್ತೆಗೆ ಸಿದ್ಧವೆಂದು ಬಗೆಯಬಾರದು. ಬ್ರೇಕು, ಟಯರು, ರಬ್ಬರ್ ಪೈಪುಗಳ ಪರೀಕ್ಷೆ ಇನ್ನೂ ಬಾಕಿ ಇರುತ್ತದೆ.

ಲೆಕ್ಕಪುಸ್ತಕದ ದೃಷ್ಟಿ

ಆಸ್ತಿಯನ್ನು ಉದ್ದೇಶಿತ ಬಳಕೆಗೆ ಯೋಗ್ಯವಾಗಿಸಲು ತಗಲುವ ನೇರ ವೆಚ್ಚವನ್ನು ಲೆಕ್ಕಪತ್ರ ಮಾನದಂಡ 10 ಆಸ್ತಿಯ ಮೌಲ್ಯಕ್ಕೆ ಸೇರಿಸುತ್ತದೆ. ಆತುರದಿಂದ ಒಡೆದುಕೊಂಡ ಎಂಜಿನ್ನಿನ ವೆಚ್ಚ ಹಾಗಲ್ಲ. ಅದು ನೇರ ನಷ್ಟ. ಆದಾಯ ತೆರಿಗೆಯಲ್ಲಿ ಸವಕಳಿ ದೊರೆಯುವುದು ಖರೀದಿಸಿದ್ದಕ್ಕಲ್ಲ, ಬಳಕೆಗೆ ತಂದದ್ದಕ್ಕೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅರ್ಧ ಸವಕಳಿ ಮಾತ್ರ. ಅಂಗಳದಲ್ಲೇ ತುಕ್ಕು ಹಿಡಿಯುವ ಲಾರಿಯು ಬಡ್ಡಿಯನ್ನು ಬೆಳೆಸುತ್ತದೆಯೇ ಹೊರತು ತೆರಿಗೆಯನ್ನು ಇಳಿಸುವುದಿಲ್ಲ. ತಯಾರಿಕೆ ನಿಂತಿರುವ ಶಕ್ತಿಮಾನಿನಂತಹ ಲಾರಿಗೆ ಬಿಡಿಭಾಗ ಹುಡುಕುವ ಕಾಲಹರಣವನ್ನೂ ಬೆಲೆಯಲ್ಲಿ ಲೆಕ್ಕ ಹಾಕಬೇಕು. ಕಬ್ಬಿಣದ ತೂಕ, ಗೇರ್ ಬಾಕ್ಸ್, ಆಕ್ಸಲ್ ಇವುಗಳ ಬೆಲೆಗೆ ಬಿಡ್ಡು ನಿಲ್ಲಿಸಿದವರಿಗೆ ಎಂಜಿನ್ ಓಡಿದರೆ ಅದು ಲಾಭ. ಓಡದಿದ್ದರೂ ಬಂಡವಾಳಕ್ಕೆ ಪೆಟ್ಟಿಲ್ಲ.

ಮಾರುವವರ ಪಾತ್ರವೂ ಇಲ್ಲಿ ಗಮನಾರ್ಹ. ಲಾರಿ ಕೊನೆಯದಾಗಿ ಓಡಿದ್ದು ಯಾವಾಗ, ಎಂಜಿನ್ ಕೈಯಿಂದ ತಿರುಗುತ್ತದೆಯೇ, ನಿಲ್ಲಿಸಿದ್ದು ಯಾವ ದೋಷಕ್ಕಾಗಿ ಎಂಬ ಮೂರು ವಿವರಗಳನ್ನು ಪ್ರತಿ ಹರಾಜು ಪಟ್ಟಿಯಲ್ಲೂ ಕಡ್ಡಾಯವಾಗಿ ನಮೂದಿಸಿದರೆ ಕೊಳ್ಳುವವರ ಅಳುಕು ಕಡಿಮೆಯಾಗಿ ಸರ್ಕಾರಕ್ಕೂ ನ್ಯಾಯವಾದ ಬೆಲೆ ದೊರೆಯುವುದು. ವಾಣಿಜ್ಯ ಸಂಸ್ಥೆಗಳು ಈ ಬೇಡಿಕೆಯನ್ನು ಸಂಬಂಧಪಟ್ಟವರ ಮುಂದಿಡುವುದು ಸೂಕ್ತ. ಅಲ್ಲಿಯವರೆಗೆ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಹಿರಿಯರ ಮಾತನ್ನು ನೆನೆದು, ಬಿಡ್ಡು ಕೂಗುವ ಮೊದಲು ನುರಿತ ಡೀಸೆಲ್ ಮೆಕ್ಯಾನಿಕ್ಕೊಬ್ಬರನ್ನು ಪರಿಶೀಲನೆಗೆ ಕರೆದೊಯ್ಯುವುದೇ ಸಣ್ಣ ಉದ್ದಿಮೆದಾರರಿಗೆ ಅತ್ಯಂತ ಅಗ್ಗದ ವಿಮೆ.