ಆನೆಯ ಮೌನ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತದ್ದಾಗಿರುವುದು ವಾಡಿಕೆ. ಆ ವಿಷಯಗಳೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವುದರಿಂದ ಈ ಸಲ ಒಂದು ವರ್ಣಚಿತ್ರದ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಆ ಚಿತ್ರದ ಪ್ರತಿಯೊಂದನ್ನು ನಮ್ಮ ಚಿತ್ರಕಲೆಯ ಕೊಠಡಿಯಲ್ಲಿ ತೂಗುಹಾಕಬೇಕೆಂಬುದು ನನ್ನ ಅಭಿಪ್ರಾಯ. ಹೆಣ್ಣುಮಕ್ಕಳ ಶಾಲೆಯಲ್ಲಿ ಸರ್ಕಸ್ಸಿನ ಚಿತ್ರಕ್ಕೇನು ಕೆಲಸವೆಂದು ಕೇಳತಕ್ಕವರಿಗೆ ಉತ್ತರವನ್ನೂ ಇಲ್ಲಿಯೇ ಕೊಡಲು ಯತ್ನಿಸುವೆನು.

ಚಿತ್ರದ ಹೆಸರು 'ಸರ್ಕಸ್ಸಿನ ಆನೆಗಳು'. ಅದನ್ನು ಬರೆದವನು ಜಾನ್ ಸ್ಟೂಅರ್ಟ್ ಕರಿ. ಕನ್ನಡದಲ್ಲಿ 'ಕರಿ' ಎಂದರೆ ಆನೆಯೇ ಆಗಿರುವುದು ಒಂದು ವಿನೋದದ ಆಕಸ್ಮಿಕ. ಈತನು ೧೮೯೭ರಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಕ್ಯಾನ್ಸಸ್ ಪ್ರಾಂತದ ಒಕ್ಕಲು ಮನೆಯೊಂದರಲ್ಲಿ ಹುಟ್ಟಿದನು. ತಾನು ಬೆಳೆದ ಸೀಮೆಯ ಬಿರುಗಾಳಿಯನ್ನೂ, ದನಗಳ ನೀರಿನ ತೊಟ್ಟಿಯಲ್ಲಿ ನಡೆಯುವ ದೀಕ್ಷಾಸ್ನಾನವನ್ನೂ ಬರೆದು ಹೆಸರುವಾಸಿಯಾದನು. ೧೯೩೨ರಲ್ಲಿ, ಆ ದೇಶವು ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, ಅವನು ರಿಂಗ್ಲಿಂಗ್ ಸಹೋದರರ ದೊಡ್ಡ ಸರ್ಕಸ್ಸಿನೊಡನೆ ಊರೂರು ಸಂಚರಿಸಿ ಹಲವು ಚಿತ್ರಗಳನ್ನು ರಚಿಸಿದನು. ಅವುಗಳಲ್ಲಿ ಒಂದರಲ್ಲಿ ಕೊಡೋನಾ ಮನೆತನದ ಆಟಗಾರರು ತೂಗುಯ್ಯಾಲೆಯಿಂದ ಹಕ್ಕಿಗಳಂತೆ ಹಾರುತ್ತಾರೆ. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿರುವ ಆನೆಗಳ ಚಿತ್ರದಲ್ಲಾದರೋ ಅಂತಹ ಹಾರಾಟವಿಲ್ಲ. ಡೇರೆಯೊಳಗೆ ಆನೆಗಳು ಸಾಲಾಗಿ ನಿಂತಿವೆ, ಅಷ್ಟೆ. ಆಟಕ್ಕೆ ಮುಂಚೆ ಪ್ರಾಣಿಗಳ ಡೇರೆಯಲ್ಲಿ ಹಾದುಹೋಗುವ ಪ್ರೇಕ್ಷಕನು ಕಾಣಬಹುದಾದ ನೋಟವದು.

ಆನೆಯು ಏನನ್ನು ಸೂಚಿಸುತ್ತದೆಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಉತ್ತರವನ್ನು ಹೇಳುವರು. ೧೮೭೪ರಲ್ಲಿ ಥಾಮಸ್ ನ್ಯಾಸ್ಟ್ ಎಂಬ ವ್ಯಂಗ್ಯಚಿತ್ರಕಾರನು ಆನೆಯನ್ನು ಒಂದು ರಾಜಕೀಯ ಪಕ್ಷದ ಗುರುತಾಗಿ ಬರೆದನು. ಅಮೇರಿಕಾದ ರಿಪಬ್ಲಿಕನ್ ಪಕ್ಷಕ್ಕೆ ಇಂದಿಗೂ ಅದೇ ಗುರುತು. ೧೮೮೨ರಲ್ಲಿ ಬಾರ್ನಮ್ ಎಂಬ ಸರ್ಕಸ್ಸಿನ ಯಜಮಾನನು ಲಂಡನ್ನಿನ ಪ್ರಾಣಿಸಂಗ್ರಹಾಲಯದಿಂದ ಜಂಬೋ ಎಂಬ ಆನೆಯನ್ನು ಕೊಂಡೊಯ್ದು, ಅದರ ಹೆಸರು 'ಬಹು ದೊಡ್ಡದು' ಎಂಬ ಅರ್ಥದಲ್ಲಿ ಎಲ್ಲೆಡೆಯೂ ಬಳಕೆಗೆ ಬರುವಂತೆ ಮಾಡಿದನು; ಆ ಜಂಬೋ ಮೂರೇ ವರ್ಷಗಳಲ್ಲಿ ಕೆನಡಾದಲ್ಲಿ ರೈಲುಗಾಡಿಗೆ ಸಿಕ್ಕಿ ಸತ್ತಿತು. ನಮ್ಮಲ್ಲಿ ಆನೆಯೆಂದರೆ ದಸರೆಯ ವೈಭವ, ಗಾಂಭೀರ್ಯ, ತಾಳ್ಮೆ. ಅಂಬಾರಿಯನ್ನು ಹೊರಿಸುವಂತೆಯೇ ಮನುಷ್ಯನು ತನಗೆ ಬೇಕಾದ ಅರ್ಥಗಳನ್ನೂ ಆನೆಯ ಬೆನ್ನ ಮೇಲೆ ಹೊರಿಸುತ್ತ ಬಂದಿದ್ದಾನೆ. ಆನೆಯನ್ನು ಯಾರೂ ಕೇಳಿದವರಿಲ್ಲ.

ಈ ಚಿತ್ರದ ಮುಂದೆ ನಿಂತವರು ಮೊದಲು ಹೇಳುವ ಮಾತು, "ಎಷ್ಟು ಸಾಧುವಾಗಿ ನಿಂತಿವೆ!" ಎಂಬುದೇ. ಇಲ್ಲಿ ತಿಳಿದಿರಬೇಕಾದ ಸಂಗತಿಯೊಂದುಂಟು. ಅಮೇರಿಕಾದ ಸರ್ಕಸ್ಸುಗಳಲ್ಲಿದ್ದ ಆನೆಗಳಲ್ಲಿ ಬಹುಭಾಗವು ಏಷ್ಯಾ ಖಂಡದಿಂದ ಹೋದ ಹೆಣ್ಣಾನೆಗಳು. ಮದವೇರಿದ ಗಂಡಾನೆಯನ್ನು ಹಿಡಿತದಲ್ಲಿಡುವುದು ಕಷ್ಟವಾದ್ದರಿಂದ ಯಜಮಾನರು ಹೆಣ್ಣಾನೆಗಳನ್ನೇ ಆರಿಸಿಕೊಳ್ಳುತ್ತಿದ್ದರು. ಕಾಡಿನಲ್ಲಾದರೋ ಹೆಣ್ಣಾನೆಯ ಸ್ಥಾನವೇ ಬೇರೆ. ಅಲ್ಲಿ ತಾಯಂದಿರೂ ಹೆಣ್ಣುಮಕ್ಕಳೂ ಮರಿಗಳೂ ಕೂಡಿ ಬಾಳುತ್ತವೆ. ಹಿರಿಯ ಹೆಣ್ಣಾನೆಯ ಅನುಭವವೇ ಹಿಂಡಿಗೆ ಆಧಾರ. ಆನೆ ನಡೆದದ್ದೇ ದಾರಿ ಎಂಬ ನಮ್ಮ ಗಾದೆಯು ಹುಟ್ಟಿದ್ದು ಅಂತಹ ಆನೆಯನ್ನು ಕಂಡು. ಸರ್ಕಸ್ಸಿನ ಆನೆಗೆ ಉಳಿದ ದಾರಿಯು ೪೨ ಅಡಿ ಅಗಲದ ಒಂದು ವೃತ್ತ ಮಾತ್ರ. ಆಟವಿಲ್ಲದ ವೇಳೆಯಲ್ಲಿ ಕಾಲಿಗೆ ಸರಪಳಿ, ಆಟದ ವೇಳೆಯಲ್ಲಿ ಅಂಕುಶ. ಹೀಗಿರುವಾಗ ಅದು ಸುಮ್ಮನೆ ನಿಂತಿರುವುದನ್ನು ತಾಳ್ಮೆಯೆಂಬ ಸದ್ಗುಣವಾಗಿ ಎಣಿಸುವುದು ನ್ಯಾಯವೇ? ಬೇಡವೆನ್ನುವ ಶಕ್ತಿಯುಳ್ಳವನು ತಾಳಿಕೊಂಡರೆ ಅದು ತಾಳ್ಮೆ. ಆ ಶಕ್ತಿಯನ್ನೇ ಕಳೆದುಕೊಂಡದ್ದರ ಮೌನಕ್ಕೆ ಬೇರೆ ಹೆಸರನ್ನು ಹುಡುಕಬೇಕು.

ಇದನ್ನು ಶಾಲೆಯ ಸಂಚಿಕೆಯಲ್ಲಿ ಬರೆಯಲು ಕಾರಣವುಂಟು. ಪ್ರತಿವರ್ಷವೂ ಬೇಸಿಗೆ ರಜೆ ಹತ್ತಿರವಾದಾಗ ಕೆಲವರು ಪೋಷಕರು ಮಗಳ ವರ್ಗಾವಣೆ ಪತ್ರವನ್ನು ಕೇಳಿಕೊಂಡು ನನ್ನ ಕೊಠಡಿಗೆ ಬರುತ್ತಾರೆ. ಮನೆಯಲ್ಲಿ ಕೆಲಸಕ್ಕೆ ಕೈ ಸಾಲದು, ಅಥವಾ ಒಳ್ಳೆಯ ಸಂಬಂಧವೊಂದು ಬಂದಿದೆ, ಓದು ಇಷ್ಟಕ್ಕೇ ಸಾಕು ಎನ್ನುತ್ತಾರೆ. "ಹುಡುಗಿಯ ಇಷ್ಟವನ್ನು ಕೇಳಿದಿರಾ?" ಎಂದರೆ, "ಅವಳೇನೂ ಬೇಡವೆನ್ನಲಿಲ್ಲ, ಅಮ್ಮಾ; ನಮ್ಮ ಹುಡುಗಿ ಬಹಳ ಸಾಧು" ಎಂಬ ಉತ್ತರ ಬರುತ್ತದೆ. ಮಗಳು ಅವರ ಪಕ್ಕದಲ್ಲಿಯೇ ನೆಲವನ್ನು ನೋಡುತ್ತ ನಿಂತಿರುತ್ತಾಳೆ. ಈ ತಂದೆತಾಯಿಗಳು ಕ್ರೂರಿಗಳಲ್ಲ. ಮಗಳ ಮೇಲಿನ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆಂಬುದನ್ನು ನಾನು ಬಲ್ಲೆನು. ಆದರೆ ಮೌನವು ಸಮ್ಮತಿಯ ಲಕ್ಷಣವೆಂಬ ಹಳೆಯ ಮಾತನ್ನು ಹೆಣ್ಣುಮಕ್ಕಳ ವಿಷಯದಲ್ಲಿ ನಂಬುವುದಕ್ಕೆ ಮುಂಚೆ, ಮಾತನಾಡಿದರೆ ಆಗುವುದೇನೆಂದು ಆ ಮಗುವು ಇದುವರೆಗೆ ಏನನ್ನು ಕಲಿತಿದೆಯೆಂಬುದನ್ನು ವಿಚಾರಿಸಬೇಕು.

"ಹಾಗಾದರೆ ಶಿಸ್ತು ಬೇಡವೇ? ತಾವೇ ಗಂಟೆ ಬಾರಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದಿಲ್ಲವೇ?" ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ಯೋಗ್ಯವಾದದ್ದು. ಶಿಸ್ತಿಲ್ಲದೆ ಶಾಲೆಯಿಲ್ಲ, ನಮ್ಮಲ್ಲಿ ಓದಿದವರಾರೂ ನನ್ನನ್ನು ಸಡಿಲ ಕೈಯವಳೆಂದು ಹೇಳಲಾರರೆಂದು ನಂಬಿದ್ದೇನೆ. ಆದರೆ ಪಳಗಿಸುವುದು ಬೇರೆ, ಕಲಿಸುವುದು ಬೇರೆ. ಪಳಗಿಸಿದ ಆನೆಗೆ ಐವತ್ತನೆಯ ವಯಸ್ಸಿನಲ್ಲಿಯೂ ಅಂಕುಶ ಬೇಕೇಬೇಕು. ಕಲಿಸಿದ ಹುಡುಗಿಗೆ ವರ್ಷದಿಂದ ವರ್ಷಕ್ಕೆ ನಮ್ಮ ಗಂಟೆಯ ಅವಶ್ಯಕತೆಯು ಕಡಮೆಯಾಗುತ್ತ ಹೋಗುತ್ತದೆ. ಕಡೆಗೆ ತನ್ನ ವೇಳೆಯನ್ನು ತಾನೇ ನೋಡಿಕೊಳ್ಳುತ್ತಾಳೆ. ಶಾಲೆಯ ಶಿಸ್ತಾಗಲಿ ಮನೆಯ ಶಿಸ್ತಾಗಲಿ ಒಳ್ಳೆಯದೋ ಅಲ್ಲವೋ ಎಂಬುದನ್ನು ಈ ಅಳತೆಯಿಂದಲೇ ನೋಡತಕ್ಕದ್ದು.

ಕರಿಯು ಜೊತೆಯಲ್ಲಿ ಸಂಚರಿಸಿದ ಸರ್ಕಸ್ಸಿನ ಮುಂದಿನ ಕಥೆಯೂ ವಿಚಾರಾರ್ಹವಾದದ್ದು. ೧೯೪೨ರಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಅದರ ಪ್ರಾಣಿಗಳ ಡೇರೆಗೆ ಬೆಂಕಿ ಬಿದ್ದು ಅನೇಕ ಪ್ರಾಣಿಗಳು ಸತ್ತವು. ಅವುಗಳಲ್ಲಿ ಆನೆಗಳೂ ಇದ್ದವು. ಆದರೂ ಆನೆಗಳ ಆಟವು ಬಹುಕಾಲ ನಡೆದೇ ಇತ್ತು. ಜನರ ಟೀಕೆಯು ಬಲವಾಗಿ, ಲಾಸ್ ಏಂಜಲಿಸ್ ಮೊದಲಾದ ನಗರಗಳು ಅಂಕುಶದ ಬಳಕೆಯನ್ನು ನಿಷೇಧಿಸಲು ನಿರ್ಣಯಿಸಿದ ಮೇಲೆಯೇ ಸರ್ಕಸ್ಸಿನವರು ೨೦೧೬ರ ಮೇ ತಿಂಗಳಲ್ಲಿ ಆನೆಗಳನ್ನು ಆಟದಿಂದ ಬಿಡಿಸಿದರು. ಮರುವರ್ಷ ಸರ್ಕಸ್ಸೇ ಮುಚ್ಚಿತು; ೨೦೨೩ರಲ್ಲಿ ಮತ್ತೆ ಆರಂಭವಾದಾಗ ಪ್ರಾಣಿಗಳಿಲ್ಲದೆಯೇ ಆರಂಭವಾಯಿತು. ೨೦೨೧ರಲ್ಲಿ ಆ ಆನೆಗಳಲ್ಲಿ ಕೆಲವು ಫ್ಲಾರಿಡಾದ ವಿಶಾಲವಾದ ಕಾಡುಬಯಲೊಂದಕ್ಕೆ ಸೇರಿದವು. ಇದೆಲ್ಲವೂ ಆದದ್ದು ನೋಡುವವರು ಮೌನಕ್ಕೆ ಬೇರೊಂದು ಅರ್ಥವಿರಬಹುದೆಂದು ಸಂಶಯಪಟ್ಟದ್ದರಿಂದ. ಆನೆಯು ತನ್ನ ಮೊಕದ್ದಮೆಯನ್ನು ತಾನೇ ಹೂಡಲಾರದು.

ನಮ್ಮ ಹೆಣ್ಣುಮಕ್ಕಳಿಗೆ ದೇವರು ನಾಲಿಗೆಯನ್ನು ಕೊಟ್ಟಿದ್ದಾನೆ. ಅದಕ್ಕೆ ಭಾಷೆಯನ್ನೂ ಧೈರ್ಯವನ್ನೂ ವಿನಯವನ್ನೂ ಕಲಿಸುವುದು ನಮ್ಮ ಕೆಲಸ. ಕಿವಿಗೊಡುವುದು ಮನೆಯವರ ಕೆಲಸ. ಆದಕಾರಣ ಪೋಷಕರಲ್ಲಿ ನನ್ನ ವಿನಂತಿಯಿಷ್ಟೆ: ವರ್ಗಾವಣೆ ಪತ್ರಕ್ಕೆ ಅರ್ಜಿಯನ್ನು ಬರೆಯುವುದಕ್ಕೆ ಮುಂಚೆ ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿರಿ, ಉತ್ತರವು ಬರುವವರೆಗೆ ಕಾಯಿರಿ, ಒಂದು ದಿನದಲ್ಲಿ ಬಾರದಿದ್ದರೆ ಒಂದು ವಾರ ಕಾಯಿರಿ. ಪೂರ್ವವಿದ್ಯಾರ್ಥಿನಿಯರಲ್ಲಿ ಇನ್ನೊಂದು ವಿನಂತಿ: ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ನಿಮ್ಮ ಮಗಳು ಸುಮ್ಮನಿದ್ದಾಳೆಂದು ಯಾರಾದರೂ ಹೊಗಳಿದರೆ, ಆ ಹೊಗಳಿಕೆಗೆ ಸಂತೋಷಪಡುವ ಮೊದಲು ಅವಳ ಮುಖವನ್ನೊಮ್ಮೆ ನೋಡಿರಿ.