ಹಳೆಯ ಲೇತಿನ ವಯಸ್ಸು ಅದರ ವಿಳಾಸದಲ್ಲಿದೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕಿಗೆಂದೇ ಜಾಗ ತೆಗೆದಿಟ್ಟಿದ್ದಾರೆ. ಇಂಥ ಕಡೆಗಳಲ್ಲಿ ಈಗೇನಿದ್ದರೂ ಕಂಪ್ಯೂಟರ್ ಹೇಳಿದಂತೆ ಕೇಳುವ ಸಿಎನ್‌ಸಿ ಯಂತ್ರಗಳ ಕಾಲ. ಇತ್ತ ತುಮಕೂರಿನ ಸದಾಶಿವನಗರದ ಯಾವುದೋ ಮನೆಯ ಹಿಂಬದಿ ಶೆಡ್ಡಿನಲ್ಲೋ, ಕುಣಿಗಲ್ ರಸ್ತೆಯ ಪಕ್ಕದ ವರ್ಕ್‌ಶಾಪಿನಲ್ಲೋ ಅಪ್ಪನ ಕಾಲದ ಲೇತು ಕೆಲಸವಿಲ್ಲದೆ ನಿಂತಿದ್ದರೆ ಗುಜರಿಯವರು ಅದನ್ನು ಕೆಜಿ ಲೆಕ್ಕದಲ್ಲಿ ಕೇಳುತ್ತಾರೆ. ಕೊಟ್ಟುಬಿಡುವ ಮುಂಚೆ, ಇದು ಯಾವ ಕಾಲದ್ದು ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು. ಬಿಡಿಭಾಗ ಹುಡುಕಲು, ಬೆಲೆ ಮಾತಾಡಲು, ಕಾಲೇಜಿಗೋ ಸಂಗ್ರಹಾಲಯಕ್ಕೋ ಒಪ್ಪಿಸಲು ಅದು ಬೇಕಾಗುತ್ತದೆ. ಎಂಜಿನಿಯರೇ ಬಂದು ಹೇಳಬೇಕೆಂದೇನಿಲ್ಲ. ಎಲ್ಲಿ ನೋಡಬೇಕು, ನೋಡಿದ್ದನ್ನು ಎಷ್ಟು ನಂಬಬೇಕು ಎಂಬುದು ಗೊತ್ತಿದ್ದರೆ ಸಾಕು.

ಮೊದಲು, ಯಾವುದನ್ನು ನಂಬಬಾರದು ಎಂದು ಹೇಳಿಬಿಡುತ್ತೇನೆ. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ರೈತರು ಎತ್ತಿನ ಬಾಯಿ ಬಿಡಿಸಿ ನೋಡಿ, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಬಾಯಿಗೂಡಿದ್ದೋ ಎಂದು ಹೇಳಿಬಿಡುತ್ತಾರೆ. ಲೇತಿನ ಸವೆತಕ್ಕೆ ಆ ನಿಯಮ ಇಲ್ಲ. ಬೀಡುಕಬ್ಬಿಣದ ಬೆಡ್ಡು ಚಕ್ಕಿನ ಹತ್ತಿರವೇ ಹೆಚ್ಚು ಸವೆಯುತ್ತದೆ, ಏಕೆಂದರೆ ಗಿಡ್ಡ ಕೆಲಸಗಳೆಲ್ಲ ಅಲ್ಲೇ ನಡೆಯುತ್ತವೆ. ಎಣ್ಣೆ ಕಾಣದೆ, ಗ್ರೈಂಡರಿನ ಧೂಳು ಕುಡಿದು ಮೂರು ಪಾಳಿ ದುಡಿದ ಲೇತು ಹತ್ತೇ ವರ್ಷಕ್ಕೆ ಹಣ್ಣಾಗಬಹುದು. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ವಾರಕ್ಕೆರಡು ದಿನ ತಿರುಗಿದ್ದು ಐವತ್ತು ವರ್ಷವಾದರೂ ಹೊಳೆಯುತ್ತಿರಬಹುದು. ಬಣ್ಣದ ಮಾತಂತೂ ಬೇಡ, ಅದನ್ನು ಪ್ರತಿ ಆಯುಧಪೂಜೆಗೂ ಹೊಸದಾಗಿ ಬಳಿಯುವವರಿದ್ದಾರೆ.

ಆಕಾರ ನೋಡಿ ಕಾಲ ಹೇಳುವುದು ಎರಡನೆಯ ಮೋಸ, ಮತ್ತು ಸವೆತಕ್ಕಿಂತ ದೊಡ್ಡ ಮೋಸ. ಇಂಗ್ಲೆಂಡ್, ಅಮೆರಿಕದ ಪುಸ್ತಕಗಳಲ್ಲಿ ಲೇತಿನ ಬೆಳವಣಿಗೆ ಅಚ್ಚುಕಟ್ಟಾಗಿ ಸಾಗುತ್ತದೆ. ಮೊದಲು ಛಾವಣಿಯ ಉದ್ದಕ್ಕೂ ಒಂದೇ ಶಾಫ್ಟು, ಅದರಿಂದ ಇಳಿಬಿದ್ದ ಚರ್ಮದ ಚಪ್ಪಟೆ ಬೆಲ್ಟು, ವೇಗ ಬದಲಿಸಲು ಮೆಟ್ಟಿಲು ಮೆಟ್ಟಿಲಾದ ಕೋನ್ ಪುಲ್ಲಿ. ಆಮೇಲೆ ಪ್ರತಿ ಯಂತ್ರಕ್ಕೂ ಸ್ವಂತ ಮೋಟಾರು. ಬಳಿಕ ಪೂರ್ತಿ ಗೇರುಗಳೇ ತುಂಬಿದ ಹೆಡ್‌ಸ್ಟಾಕು. ಥ್ರೆಡ್ ಕೊರೆಯುವಾಗ ಗೇರುಗಳನ್ನು ಒಂದೊಂದಾಗಿ ಬಿಚ್ಚಿ ಹಾಕುವ ಕಾಟ ತಪ್ಪಿಸಿದ ಗೇರ್‌ಬಾಕ್ಸಿಗೆ ಅಮೆರಿಕದ ನಾರ್ಟನ್ 1892ರಲ್ಲೇ ಪೇಟೆಂಟ್ ಪಡೆದಿದ್ದ. ಇದನ್ನು ಓದಿದವರು ಕೋನ್ ಪುಲ್ಲಿ ಕಂಡ ಕೂಡಲೇ ‘ಬ್ರಿಟಿಷರ ಕಾಲದ್ದು’ ಎಂದುಬಿಡುತ್ತಾರೆ. ಆದರೆ ನಮ್ಮಲ್ಲಿ ರಾಜಕೋಟೆ, ಬಟಾಲಾ, ಲೂಧಿಯಾನಗಳ ಸಣ್ಣ ಕಾರ್ಖಾನೆಗಳು ಬೆಲೆ ಕಡಿಮೆ, ರಿಪೇರಿ ಸುಲಭ ಎಂಬ ಕಾರಣಕ್ಕೆ ಅದೇ ನಮೂನೆಯನ್ನು ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಎರಕ ಹೊಯ್ಯುತ್ತಲೇ ಇದ್ದವು. ಹಾಗಾಗಿ ಹಳೆಯ ಲಕ್ಷಣ ಇದ್ದ ಮಾತ್ರಕ್ಕೆ ಯಂತ್ರ ಹಳೆಯದಾಗುವುದಿಲ್ಲ. ಹೊಸ ಲಕ್ಷಣವೊಂದು ಹುಟ್ಟಿನಿಂದಲೇ ಇದ್ದರೆ ಮಾತ್ರ, ಆ ಲಕ್ಷಣ ಬರುವ ಮುಂಚಿನದಲ್ಲ ಎಂದು ಧೈರ್ಯವಾಗಿ ಹೇಳಬಹುದು. ‘ಇದಕ್ಕಿಂತ ಹಿಂದಿನದಲ್ಲ’ ಎನ್ನುವ ಸಾಕ್ಷಿ ಗಟ್ಟಿ, ‘ಇದಕ್ಕಿಂತ ಈಚಿನದಲ್ಲ’ ಎನ್ನುವ ಸಾಕ್ಷಿ ಪೊಳ್ಳು. ಮುಂದಿನ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಹಾಗಾದರೆ ಎಲ್ಲಿಂದ ಶುರುಮಾಡುವುದು? ನನ್ನ ಮಟ್ಟಿಗೆ ಗೇರುಗಳಿಗಿಂತ ಒಳ್ಳೆಯ ಸಾಕ್ಷಿ ಹೆಸರಿನ ತಗಡು. ಅದರಲ್ಲೂ ತಯಾರಕರ ಹೆಸರಿಗಿಂತ ಕೆಳಗಿನ ಸಣ್ಣಕ್ಷರದ ವಿಳಾಸ. ಯಾರೂ ಅದನ್ನು ಕಾಲ ಹೇಳಲೆಂದು ಬರೆಸಿದ್ದಲ್ಲ, ಅದಕ್ಕೇ ಅದು ಸುಳ್ಳು ಹೇಳುವುದು ಕಡಿಮೆ.

ನಮ್ಮ ರಾಜ್ಯದ ಲೇತುಗಳಲ್ಲಿ ದೊಡ್ಡ ಹೆಸರುಗಳು ಎರಡು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಒಂದು. ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಅಂದರೆ ಎಚ್‌ಎಂಟಿ, ಇನ್ನೊಂದು. ತುಮಕೂರಿನವರಿಗೆ ಎಚ್‌ಎಂಟಿ ಎಂದರೆ 2016ರಲ್ಲಿ ಬಾಗಿಲು ಹಾಕಿದ ಕೈಗಡಿಯಾರದ ಕಾರ್ಖಾನೆ. ಆದರೆ ಅದರ ಮೂಲ ಕಸುಬು ಲೇತು. ಎಚ್‌ಎಂಟಿ ತಗಡಿನಲ್ಲಿ ಕೇರಳದ ಕಳಮಶ್ಶೇರಿ ಎಂದಿದ್ದರೆ ಆ ಯಂತ್ರ 1960ರ ದಶಕದ ನಡುವಿಗಿಂತ ಹಿಂದೆ ಹೋಗಲಾರದು, ಅಲ್ಲಿನ ಘಟಕ ಬಂದದ್ದೇ ಆಗ.

ಹರಿಹರದ ತಗಡಿನಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ‘ಮೈಸೂರು’ ಎಂಬ ಪದ ಕಂಡು ಮಹಾರಾಜರ ಕಾಲದ್ದು ಎನ್ನುವವರು ಬಹಳ. ರಾಜ್ಯದ ಹೆಸರು 1973ರ ನವೆಂಬರ್ 1ರಂದು ಕರ್ನಾಟಕವೆಂದು ಬದಲಾದರೂ ಕಂಪನಿ ಕೊನೆಯವರೆಗೂ ಮೈಸೂರು ಕಿರ್ಲೋಸ್ಕರ್ ಆಗಿಯೇ ಉಳಿಯಿತು. ನೋಡಬೇಕಾದದ್ದು ಊರಿನ ಮುಂದೆ ಏನಿದೆ ಎಂಬುದನ್ನು. ‘ಮೈಸೂರು ರಾಜ್ಯ’ ಎಂದಿದ್ದರೆ ತಗಡು ಅಚ್ಚಾದದ್ದು 1973ಕ್ಕೆ ಮುಂಚೆ, ‘ಕರ್ನಾಟಕ’ ಎಂದಿದ್ದರೆ ಆಮೇಲೆ. ಹಳೆಯ ತಗಡುಗಳ ದಾಸ್ತಾನು ಮುಗಿಯುವವರೆಗೆ ಅವನ್ನೇ ಹೊಡೆದಿರಬಹುದಾದ್ದರಿಂದ ಒಂದೆರಡು ವರ್ಷ ಸಡಿಲ ಬಿಡಿ. ಆರಂಕಿಯ ಪಿನ್‌ಕೋಡ್ ಕಂಡರೆ ಇನ್ನೂ ಒಳ್ಳೆಯದು. ದೇಶದಲ್ಲಿ ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ಕ್ಕೆ, ಹಾಗಾಗಿ 577601 ಎಂದು ಕೆತ್ತಿದ ಹರಿಹರದ ತಗಡು ಅದಕ್ಕೂ ಹಿಂದಿನದಾಗಲು ಸಾಧ್ಯವೇ ಇಲ್ಲ. ಪಿನ್‌ಕೋಡ್ ಇಲ್ಲದಿದ್ದರೆ ಮಾತ್ರ ಏನನ್ನೂ ತೀರ್ಮಾನಿಸಬೇಡಿ. ‘ಬೆಂಗಳೂರು-2’ ಎಂದು ಬರೆಯುವ ಹಳೆಯ ರೂಢಿಯನ್ನು ಅಂಗಡಿಯವರು ಎಷ್ಟೋ ವರ್ಷ ಬಿಡಲಿಲ್ಲ.

ಹೊರದೇಶದ ಲೇತಾದರೆ ದೇಶದ ಹೆಸರೇ ಕಾಲ ಹೇಳುತ್ತದೆ. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949ರಿಂದ 1990ರ ಒಳಗೆ. ಚೆಕೊಸ್ಲೊವಾಕಿಯಾ 1918ರಲ್ಲಿ ಹುಟ್ಟಿ 1992ರ ಕೊನೆಗೆ ಇಲ್ಲವಾಯಿತು. ಕೆಲವು ಬ್ರಿಟಿಷ್ ಯಂತ್ರಗಳ ಮೇಲೆ ‘ವಾರ್ ಫಿನಿಷ್’ ಎಂಬ ಪುಟ್ಟ ತಗಡಿರುತ್ತದೆ. ಎರಡನೇ ಮಹಾಯುದ್ಧದ ಅವಸರದಲ್ಲಿ ನಯಗೆಲಸ ಬಿಟ್ಟು ಕಳಿಸಿದ್ದೇವೆ, ಒರಟಾಗಿದೆಯೆಂದು ಬೈಯಬೇಡಿ ಎಂಬ ತಯಾರಕರ ಸಮಜಾಯಿಷಿ ಅದು.

ತಗಡೇ ಕಿತ್ತುಹೋಗಿದ್ದರೆ ಅಳತೆಗೆ ಬನ್ನಿ. ಬೆಡ್ಡಿನ ಮುಂದೆ ಉದ್ದಕ್ಕೆ ಹೋಗಿರುವ ಲೀಡ್ ಸ್ಕ್ರೂ ನೋಡಿ. ಇಂಚಿಗೆ ನಾಲ್ಕು ಸುತ್ತಿನ ತಿರುಪಿಗೂ 6 ಮಿಲಿಮೀಟರ್ ಅಂತರದ ತಿರುಪಿಗೂ ಕಣ್ಣಳತೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹತ್ತು ಸುತ್ತು ಎಣಿಸಿ ಸ್ಕೇಲಿಟ್ಟರೆ ಮೊದಲನೆಯದು 63.5 ಮಿ.ಮೀ., ಎರಡನೆಯದು ಸರಿಯಾಗಿ 60. ಭಾರತ 1956ರಲ್ಲಿ ಕಾಯ್ದೆ ಮಾಡಿ, 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಮೆಟ್ರಿಕ್ಕಿಗೆ ಹೊರಳಿತು. ಬ್ರಿಟಿಷ್ ಮಾದರಿ ನೋಡಿ ಇಲ್ಲೇ ತಯಾರಿಸಿದ ಲೇತಿನಲ್ಲಿ ಮಿಲಿಮೀಟರಿನ ಲೀಡ್ ಸ್ಕ್ರೂ ಇದ್ದರೆ ಬಹುಮಟ್ಟಿಗೆ ಅದರ ಆಮೇಲಿನದು. ಸ್ವಿಟ್ಜರ್ಲೆಂಡ್, ಜರ್ಮನಿಗಳ ವಿನ್ಯಾಸಕ್ಕೆ ಈ ಸೂತ್ರ ಹಚ್ಚಬೇಡಿ, ಅವರು ಮೊದಲಿನಿಂದಲೂ ಮಿಲಿಮೀಟರಿನವರು. ಲೇತಿನ ಜತೆ ಡಬ್ಬಿಯಲ್ಲಿ ಬಿದ್ದಿರುವ ಬಿಡಿ ಗೇರುಗಳ ಹಲ್ಲನ್ನೂ ಎಣಿಸಿ. 127 ಹಲ್ಲಿನದೊಂದು ಸಿಕ್ಕರೆ ಅದೊಂದು ಸೊಗಸಾದ ಪುರಾವೆ. ಒಂದಿಂಚು ಎಂದರೆ 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಇಂಚಿನ ಲೇತಿನಲ್ಲಿ ಮಿಲಿಮೀಟರಿನ ಥ್ರೆಡ್ಡು ಕರಾರುವಾಕ್ಕಾಗಿ ಕೊರೆಯಲು ಈ ಗೇರು ಬೇಕು. ಹುಟ್ಟಿದ ವರ್ಷವನ್ನು ಅದು ಹೇಳದು, ಆದರೆ ಇಂಚಿನ ಲೇತಿಗೆ ಮಿಲಿಮೀಟರಿನ ಕೆಲಸವೂ ಬರುತ್ತಿತ್ತು ಎಂದು ತಿಳಿಸುತ್ತದೆ.

ಯಂತ್ರದ ಸಂಖ್ಯೆ ಸಾಮಾನ್ಯವಾಗಿ ಬೆಡ್ಡಿನ ಮೇಲೆ, ಟೈಲ್‌ಸ್ಟಾಕ್ ಇರುವ ತುದಿಯಲ್ಲಿ, ಗ್ರೀಸಿನ ಅಡಿಯಲ್ಲಿರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಚಾಕ್‌ಪೀಸ್ ತಿಕ್ಕಿದರೆ ಅಂಕಿ ಬಿಳಿಯಾಗಿ ಎದ್ದು ಕಾಣುತ್ತದೆ. ಗ್ರೈಂಡರ್, ವೈರ್ ಬ್ರಷ್ ಹತ್ತಿರಕ್ಕೂ ತರಬೇಡಿ. ಆ ಅಂಕಿಯೇ ಇಸವಿ ಎಂದುಕೊಳ್ಳುವುದೂ ತಪ್ಪು. 1962 ಎಂದಿದ್ದರೆ ಅದು ಕಾರ್ಖಾನೆಯ 1962ನೇ ಯಂತ್ರವೂ ಆಗಿರಬಹುದು. ತಯಾರಕರ ದಫ್ತರದೊಂದಿಗೆ ತಾಳೆ ನೋಡಿದರಷ್ಟೇ ಅಂಕಿಗೆ ಅರ್ಥ. ಕೆಲವು ತಯಾರಕರು ಅದೇ ಸಂಖ್ಯೆಯನ್ನು ಟೈಲ್‌ಸ್ಟಾಕಿನ ಮೇಲೂ ಕುಟ್ಟುತ್ತಿದ್ದರು. ಎರಡೂ ಹೊಂದದಿದ್ದರೆ ಇನ್ನೊಂದು ಲೇತಿನ ಭಾಗ ಇದಕ್ಕೆ ಬಂದು ಸೇರಿದೆ ಎಂದು ತಿಳಿಯಿರಿ.

ಕಡೆಗೆ ಬೀರುವಿನ ಕಾಗದಗಳು. ರಾಜ್ಯ ಹಣಕಾಸು ಸಂಸ್ಥೆಯ ಸಾಲದ ಪತ್ರ, ವಿದ್ಯುತ್ ಮಂಜೂರಾತಿಯ ಪತ್ರ ಸಿಕ್ಕರೆ ತಾರೀಕು ಅಳಿಸಿದ್ದರೂ ಪರವಾಗಿಲ್ಲ, ಮೇಲಿನ ಕಚೇರಿಯ ಹೆಸರು ಓದಿ. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ 1957ರಲ್ಲಿ ಬಂತು, ರಾಜ್ಯದ ಹೆಸರಿನ ಜತೆಗೆ ಕೆಇಬಿ ಆಯಿತು, 1999ರಲ್ಲಿ ಕೆಪಿಟಿಸಿಎಲ್, 2002ರಿಂದ ತುಮಕೂರಿಗೆ ಬೆಸ್ಕಾಂ. ಕಾಗದ ಹೇಳುವುದು ಲೇತು ಮನೆಗೆ ಬಂದ ದಿನವನ್ನು, ಹುಟ್ಟಿದ ದಿನವನ್ನಲ್ಲ. ಆದರೆ ಸಾಲದ ಪತ್ರದಲ್ಲಿ ಯಂತ್ರದ ಸಂಖ್ಯೆ ಇದ್ದು, ಬೆಡ್ಡಿನ ಮೇಲಿನ ಸಂಖ್ಯೆಯೊಂದಿಗೆ ಅದು ಕೂಡಿಬಂದರೆ, ಆ ದಿನದ ಹೊತ್ತಿಗೆ ಈ ಲೇತು ಇದ್ದೇ ಇತ್ತು ಎಂಬುದು ಖಚಿತ. ಮೇಲಿನ ಗಡಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಇನ್ನಿಲ್ಲ.

ಇಷ್ಟಾದ ಮೇಲೆ ಒಂದೇ ಇಸವಿಗೆ ಹಟ ಹಿಡಿಯುವುದು ಬೇಡ. ಹರಿಹರ, ಮೈಸೂರು ರಾಜ್ಯ ಎಂಬ ತಗಡು, ಮಿಲಿಮೀಟರಿನ ಲೀಡ್ ಸ್ಕ್ರೂ, ಸಂಖ್ಯೆ ತಾಳೆಯಾಗುವ 1968ರ ಸಾಲದ ಪತ್ರ, ಪಿನ್‌ಕೋಡ್ ಇರುವ ಮೋಟಾರು ಒಂದೇ ಲೇತಿನಲ್ಲಿ ಕಂಡವೆನ್ನಿ. ಆಗ ದಾಖಲೆಯಲ್ಲಿ ಬರೆಯಬೇಕಾದದ್ದು ಹೀಗೆ: ಬೆಡ್ಡು ಮತ್ತು ಹೆಡ್‌ಸ್ಟಾಕು ಬಹುಶಃ 1958ರಿಂದ 1968ರ ನಡುವಿನವು, ಮೋಟಾರು 1972ರ ನಂತರ ಬದಲಾಯಿಸಿದ್ದು.