ತಪ್ಪಿದ ಒಂದು ಒದೆತ

ನಮಗೂ ಕಾಲ್ಚೆಂಡಾಟಕ್ಕೂ ಇದ್ದ ನಂಟು ಇಷ್ಟೆ: ಟಿ. ನಗರದ ಸೋಮಸುಂದರಂ ಮೈದಾನದ ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಹುಡುಗರ ಚೆಂಡೊಂದು ನಮ್ಮ ಬೆನ್ನಿಗೆ ತಗುಲಿತ್ತು. ಕಡತಗಳ ನಡುವೆ ಬಾಳುವ ಗುಮಾಸ್ತರಿಗೆ ಅಷ್ಟು ಕ್ರೀಡೆ ಸಾಕೆಂದು ತೃಪ್ತರಾಗಿದ್ದೆವು.

ಆದರೆ ನಮ್ಮ ಮನೆಯಲ್ಲಿದ್ದು ಓದುವ ಅಕ್ಕನ ಮಗ ಕಾಲೇಜಿನ ತಂಡಕ್ಕೆ ಆಯ್ಕೆಯಾದ. ಹೊಸೂರಿನಿಂದ ಭಾವನವರು ಫೋನು ಮಾಡಿ, "ಹಾಜರಿ ಕಡಮೆಯಾದರೆ ನೀವೇ ಜವಾಬ್ದಾರರು" ಎಂದರು. ಹಂಗಾಮು ಆರಂಭವಾಯಿತು. ಮೊದಲ ಆಟದಲ್ಲಿ ಸೋಲು, ಆಮೇಲೆ ಮೂರು ಗೆಲುವು. ಕಾರ್ತಿಕದ ಮಳೆ ಬಂದು ಮೈದಾನ ಗದ್ದೆಯಾಯಿತು. ನಮ್ಮ ಸ್ನಾನದ ಮನೆಯೂ ಗದ್ದೆಯಾಯಿತು. ಕೆಸರಿನ ಕಾಲುಚೀಲ ಒಗೆದೂ ಒಗೆದೂ ನಮ್ಮ ಮನೆಯಾಕೆ ಆಟದ ನಿಯಮಗಳನ್ನೆಲ್ಲ ಕಲಿತುಬಿಟ್ಟಳು.

ಉಪಾಂತ್ಯ ಪಂದ್ಯಕ್ಕೆ ನಾವು ಅರ್ಧ ದಿನದ ರಜೆ ಹಾಕಿ ಹೋದೆವು. ಆಟ ಸಮನಾಗಿ ಮುಗಿದು ಪೆನಾಲ್ಟಿಗೆ ಬಂತು. ಕೊನೆಯ ಒದೆತ ನಮ್ಮ ಹುಡುಗನದು. ಚೆಂಡು ಕಂಬಕ್ಕೆ ಬಡಿಯಿತು. ಹಂಗಾಮು ಅಲ್ಲಿಗೆ ಮುಗಿಯಿತು.

ರಾತ್ರಿ ಅವನು ಊಟಕ್ಕೆ ಏಳಲಿಲ್ಲ. ನಾವು ಪಕ್ಕದಲ್ಲಿ ಕುಳಿತು ಉಪದೇಶಕ್ಕೆ ತೊಡಗಿದೆವು. "1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಲ್ಲಿ ಫ್ರಾನ್ಸಿನ ಎದುರು ಆಡಿದರು. ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಆದರೆ ಎರಡು ಪೆನಾಲ್ಟಿ ತಪ್ಪಿಹೋಗಿ 2-1ರಲ್ಲಿ ಸೋತೆವು. ತಪ್ಪಿಸಿದವರಲ್ಲಿ ಒಬ್ಬರು ಶೈಲೇನ್ ಮನ್ನಾ. ಅದೇ ಮನ್ನಾ ನಾಯಕರಾಗಿ 1951ರ ದೆಹಲಿಯ ಏಷ್ಯನ್ ಕ್ರೀಡೆಯಲ್ಲಿ ಚಿನ್ನ ತಂದರು. ಅಷ್ಟೇಕೆ, 1968-69ರಲ್ಲಿ ಮೈಸೂರು ಗೆದ್ದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ದೊರೆತದ್ದು 2023ರ ಮಾರ್ಚಿನಲ್ಲಿ, ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. 54 ವರ್ಷ ಕಾಯಲಿಲ್ಲವೇನಪ್ಪ?"

ಹುಡುಗ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದ: "ರಾಜ್ಯ 54 ವರ್ಷ ಕಾಯಬಹುದು, ಮಾಮ. ಮನ್ನಾ ಅವರಿಗೂ ಮೂರು ವರ್ಷ ಸಿಕ್ಕಿತು. ನನಗೆ ಕಾಲೇಜಿನಲ್ಲಿ ಉಳಿದಿರುವುದು ಒಂದೇ ವರ್ಷ."

ನಮ್ಮಲ್ಲಿ ಉತ್ತರವಿರಲಿಲ್ಲ. ಕಚೇರಿಯಲ್ಲಿ ಈ ವರ್ಷ ಮುಗಿಯದ ಕಡತ ಮುಂದಿನ ವರ್ಷಕ್ಕೆ ಸಾಗುತ್ತದೆ, ಅಲ್ಲಿಯೂ ಮುಗಿಯದಿದ್ದರೆ ಅದರ ಮುಂದಿನ ವರ್ಷಕ್ಕೆ. ಕಾಲೇಜಿನ ಆಟಗಾರನಿಗೆ ಆ ಸೌಕರ್ಯವಿಲ್ಲ. ಮೂರೇ ಹಂಗಾಮು, ಆಮೇಲೆ ಅವನೂ ನಮ್ಮಂತೆ ಯಾವುದೋ ಮೇಜಿನ ಹಿಂದೆ ಕೂರುವವನೇ. ಹಾಜರಿ ಪುಸ್ತಕ ಹಿಡಿದು ಕಾವಲು ಕೂತಿದ್ದ ನಮಗೆ ಈ ಲೆಕ್ಕ ಹೊಳೆದೇ ಇರಲಿಲ್ಲ.

ಮರುದಿನ ಭಾವನವರಿಗೆ ನಾವೇ ಫೋನು ಮಾಡಿದೆವು. "ಹಾಜರಿಯ ಜವಾಬ್ದಾರಿ ನಮ್ಮದೇ ಇರಲಿ. ಆದರೆ ಮುಂದಿನ ವರ್ಷ ಒಂದು ಆಟವನ್ನಾದರೂ ನೀವು ಬಂದು ನೋಡಬೇಕು" ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾನುವಾರವಾದರೆ ನೋಡೋಣ" ಎಂದರು.

ಬಂಧುಗಳಲ್ಲಿಯೂ ಅದೇ ವಿನಂತಿ. ಅಂದು ನಮ್ಮ ಹುಡುಗನ ಹೆಸರು ಹಿಡಿದು ಕೂಗಲು ಮೈದಾನದಂಚಿನಲ್ಲಿ ಇದ್ದವರು ನಾವೊಬ್ಬರೇ. ನಮ್ಮ ಗಂಟಲು ದೊಡ್ಡದಲ್ಲ. ಸಂಘದ ನಾಟಕಕ್ಕೆ ಮನೆಮಂದಿಯೆಲ್ಲ ಬರುವ ನೀವು ಒಂದು ಸಂಜೆ ಅಲ್ಲಿಗೂ ಬನ್ನಿ. ಕಡಲೆಕಾಯಿಯ ಖರ್ಚು ನಮ್ಮದು.